ನಾಟಕದಲ್ಲಿ ಹಾಡ್ಲಿಕ್ಕೆ ಕಲಿಯುವುದಕ್ಕೂ ಯೂನಿವರ್ಸಿಟಿ ಬೇಕಾ? ಮಗಳು ಹಠ ಹಿಡಿದಿದ್ದಾಳೆ

ನೀರ್ಚಾಲಿನ ಅಮ್ಮ (ರಾತ್ರಿ 8:50)

ಎಲ್ಲರಿಗೂ ನಮಸ್ಕಾರ. ಉದ್ದ ಆದ್ರೆ ಬೈಬೇಡಿ.

ಮಗಳ ಪ್ಲಸ್ ಟು ರಿಸಲ್ಟ್ ಬಂತು, ಮಾರ್ಕು ಒಳ್ಳೆದುಂಟು. ಕಾಸರಗೋಡಿನಲ್ಲೇ ಡಿಗ್ರಿ, ಆಮೇಲೆ ಬಿ.ಎಡ್ ಅಂತ ಅವಳ ಅಪ್ಪನ ಲೆಕ್ಕ. ಅವಳದ್ದು ಬೇರೆಯೇ. ನಾಟಕದಲ್ಲಿ ಹಾಡ್ಲಿಕ್ಕೆ ಕಲೀಬೇಕಂತೆ. ಕಛೇರಿ ಅಲ್ಲ, ಸಿನೆಮಾ ಹಾಡೂ ಅಲ್ಲ. ಪಾತ್ರ ಮಾಡ್ತಾ, ಕುಣೀತಾ, ಆ ಪಾತ್ರವಾಗಿಯೇ ಹಾಡುವುದು. ಇಂಗ್ಲೆಂಡಿನಲ್ಲಿ ಅಮೆರಿಕದಲ್ಲಿ ಅದಕ್ಕೆ ಮ್ಯೂಸಿಕಲ್ ಥಿಯೇಟರ್ ಅಂತ ಡಿಗ್ರಿಯೇ ಉಂಟು ಅಂತ ಮೊಬೈಲಲ್ಲಿ ತೋರಿಸಿದಳು. ನಾನು ನೋಡಿ ಹೌದೌದು ಅಂದೆ, ಬೇರೆ ಎಂತ ಹೇಳುವುದು?

ಏಳು ವರ್ಷ ಕರ್ನಾಟಕ ಸಂಗೀತ ಕಲಿತಿದ್ದಾಳೆ. ಕಲೋತ್ಸವದಲ್ಲಿ ಯಕ್ಷಗಾನ ಟೀಮಿನಲ್ಲಿದ್ದಳು, ಎ ಗ್ರೇಡ್ ಬಂದಿತ್ತು. ವಿಷಯ ಶುರುವಾದದ್ದು ಶಾಲೆಯ ವಾರ್ಷಿಕೋತ್ಸವದ ನಾಟಕದಲ್ಲಿ. ಇವಳಿಗೆ ಹಾಡೂ ಕುಣಿತವೂ ಎರಡೂ ಇತ್ತು. ಮೂರನೇ ಚರಣಕ್ಕೆ ಬರುವಾಗ ಸ್ವರವೇ ಇಲ್ಲ, ಬರೀ ಗಾಳಿ. ಮೈಕಿನಲ್ಲಿ ಏದುಸಿರು ಇಡೀ ಮೈದಾನಕ್ಕೆ ಕೇಳಿತು. ಹುಡುಗರು ನಗಾಡಿದರು. ಮನೆಗೆ ಬಂದು ಅತ್ತಳು, ಮರುದಿನ ಹಳೇ ಬಾವಿ ಹಗ್ಗ ತಂದು ಅಂಗಳದಲ್ಲಿ ಹಾರ್ತಾ ಅದೇ ಹಾಡು ಹೇಳ್ಲಿಕ್ಕೆ ಶುರು. ಮೂರು ತಿಂಗಳಾಯ್ತು, ದಿನಾ ಸಂಜೆ ಇದೇ. ಪಕ್ಕದ ಮನೆಯವರು "ಹುಡುಗಿಗೆ ಎಂತ ಆಗಿದೆ?" ಅಂತ ಕೇಳಿ ಆಯ್ತು.

ಸಂಗೀತ ಟೀಚರ್ "ನಾಟಕಕ್ಕೆ ಹಾಡಿದರೆ ಗಂಟಲು ಹಾಳು" ಅಂತಾರೆ. ಇಂಥದ್ದು ಕಲಿಸುವ ಜಾಗ ನಮ್ಮ ಹತ್ತಿರ ಎಲ್ಲಾದರೂ ಉಂಟಾ? ಕಲಿತರೆ ಹೊಟ್ಟೆಗೆ ಎಂತ? ಗೊತ್ತಿದ್ದವರು ಹೇಳಿ.

ಅಡಕೆಮಂಡಿ (8:58)

ಬಿ.ಎಡ್ ಮಾಡಿಸಿ. ಮುಗೀತು.

ಪಯಸ್ವಿನಿ (9:01)

ಅಡಕೆಮಂಡಿಯವರೇ, ಕಳೆದ ತಿಂಗಳು ಒಬ್ಬರು ಗೇರು ಗಿಡಕ್ಕೆ ಹುಳ ಬಂದದ್ದಕ್ಕೆ ಉಪಾಯ ಕೇಳಿದಾಗಲೂ ನೀವು ಬಿ.ಎಡ್ ಮಾಡಿಸಿ ಅಂದಿದ್ರಿ.

ಅಡಕೆಮಂಡಿ (9:03)

ಮಾಡಿಸಿದ್ರಾ? ಇಲ್ಲ. ಹುಳ ಹೋಯ್ತಾ? ಅದೂ ಇಲ್ಲ.

ಜಾಗಟೆ (9:15)

ಅಮ್ಮಾ, ನಿಮ್ಮ ಪೋಸ್ಟ್ ಓದಿ ಸ್ವಲ್ಪ ಬೇಜಾರಾಯ್ತು, ನಿಮ್ಮ ಮೇಲೆ ಅಲ್ಲ. ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಕುಂಬಳೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಕೂತುಕೊಂಡು "ರಂಗದ ಮೇಲೆ ಹಾಡ್ಲಿಕ್ಕೆ ಎಲ್ಲಿ ಕಲಿಯುವುದು" ಅಂತ ಇಂಗ್ಲೆಂಡಿನ ಕಡೆ ನೋಡುವುದಾ? ಪಡ್ರೆಯ ಬಲಿಪ ನಾರಾಯಣ ಭಾಗವತರು ಯಾವ ಯೂನಿವರ್ಸಿಟಿಗೆ ಹೋಗಿದ್ದರು? ಅಜ್ಜನಿಂದ ಬಂದ ವಿದ್ಯೆ. ಚೆಂಡೆ ಮದ್ದಳೆ ಎರಡೂ ಬಡೀತಿರುವಾಗ ಅದರ ಮೇಲೆ ಏರು ಶ್ರುತಿಯಲ್ಲಿ ಪದ ಹೇಳಿದರೆ ಗದ್ದೆಯ ಆಚೆ ಬದಿಯಲ್ಲಿ ಕಡ್ಲೆ ಮಾರುವವನಿಗೂ ಅಕ್ಷರ ಅಕ್ಷರ ಗೊತ್ತಾಗ್ತಿತ್ತು.

ಹುಡುಗಿಯರಿಗೆ ಆಗುವುದಿಲ್ಲ ಅಂತ ಯಾರಾದ್ರೂ ಹೇಳಿದರೆ ಲೀಲಾವತಿ ಬೈಪಾಡಿತ್ತಾಯರ ಹೆಸರು ಹೇಳಿ. ಹುಟ್ಟಿದ್ದು ನಮ್ಮ ಮಧೂರಿನಲ್ಲಿ. ಮೊದಲು ಶಾಸ್ತ್ರೀಯ ಸಂಗೀತ ಕಲಿತವರು, ಮದುವೆಯಾದ ಮೇಲೆ ಗಂಡನಿಂದ ಭಾಗವತಿಕೆ, ಅಂದ್ರೆ ಯಕ್ಷಗಾನದ ಹಾಡುಗಾರಿಕೆ, ಕಲಿತು ತೆಂಕುತಿಟ್ಟಿನ (ನಮ್ಮ ಕಡೆಯ ಯಕ್ಷಗಾನ ಶೈಲಿಯ) ಮೊದಲ ವೃತ್ತಿಪರ ಮಹಿಳಾ ಭಾಗವತರಾದರು. ನಿಮ್ಮ ಮಗಳಿಗೂ ಸಂಗೀತ ಉಂಟು, ತಾಳ ಗೊತ್ತುಂಟು. ಒಳ್ಳೆ ಗುರು ಹುಡುಕಿ, ಮನೆಯಿಂದಲೇ ಹೋಗಿ ಬರ್ಲಿ.

ಬದಿಯಡ್ಕ ಬಸ್‌ಸ್ಟ್ಯಾಂಡ್ (9:22)

ಎಡನೀರು ಮಠದಲ್ಲಿ ಕೇಶವಾನಂದ ಭಾರತಿ ಸ್ವಾಮಿಗಳೇ ಕೂತು ಪದ ಹೇಳ್ತಿದ್ದರಲ್ಲ. ಕಾನೂನು ಓದುವವರಿಗೆ 1973ರ ಕೇಸು ಮಾತ್ರ ಗೊತ್ತು. ನಮಗೆ ಅವರ ಪದ ಗೊತ್ತು.

ತ್ರಿಶೂರುಗಾಡಿ (9:40)

ಜಾಗಟೆ ಅಣ್ಣ, ಕೈ ಮುಗಿದು ಒಂದು ತಕರಾರು. ಯಕ್ಷಗಾನ ಆಟದಲ್ಲಿ ಪದ ಹೇಳುವುದು ಭಾಗವತರು, ಕುಣಿಯುವುದು ವೇಷದವರು. ಭಾಗವತರು ಕೂತಿರ್ತಾರೆ. ಈ ಹುಡುಗಿಗೆ ಉಸಿರು ಹೋದದ್ದು ಕುಣೀತಾ ಹಾಡಿದ್ದಕ್ಕೆ. ಅವಳು ಕೇಳುವ ವಿದ್ಯೆಯೇ ಬೇರೆ. ದೇವಿಯ ವೇಷ ಹಾಕಿ, ಹಾರಿ ತಿರುಗಿ ದಿಗಿಣ ತೆಗೆದು, ಉಸಿರು ಬಿಡದೆ ಪದವನ್ನೂ ನೀವೇ ಹೇಳಿ ಅಂದ್ರೆ ಯಾವ ಕಲಾವಿದರು ಒಪ್ತಾರೆ?

ನಾನು ತ್ರಿಶೂರಿನ ಅರಣಾಟುಕರೆಯಲ್ಲಿರುವ ಸ್ಕೂಲ್ ಆಫ್ ಡ್ರಾಮಾದಲ್ಲಿ ಓದಿದವ. ಕಲ್ಲಿಕೋಟೆ ಯೂನಿವರ್ಸಿಟಿಯದ್ದು, 1977ರಲ್ಲಿ ಶುರುವಾದದ್ದು, ಜಿ. ಶಂಕರ ಪಿಳ್ಳೆಯವರು ಮೊದಲ ನಿರ್ದೇಶಕರು. ಬೆಳಗ್ಗಿನ ಪರಶುರಾಮ್ ಹಿಡಿದರೆ ಮಧ್ಯಾಹ್ನದ ಊಟಕ್ಕೆ ತ್ರಿಶೂರು. ಅಲ್ಲಿ ನಾಟಕದ ಡಿಗ್ರಿ ಉಂಟು. ಹಾಡಿಗೇ ಬೇರೆ ಡಿಗ್ರಿ ಇಲ್ಲ. ನಟನೆ, ದೇಹ, ಧ್ವನಿ, ಬೆಳಕು, ರಂಗಸಜ್ಜಿಕೆ ಎಲ್ಲ ಒಟ್ಟಿಗೆ, ಅದರೊಳಗೆ ಹಾಡೂ ಬರ್ತದೆ. ನನಗೆ ಅಲ್ಲಿ ಸಿಕ್ಕಿದ ದೊಡ್ಡ ಲಾಭ ಅಂದ್ರೆ ಬೆಳಗ್ಗೆ ಬೆಳಗ್ಗೆ ನೆಲದ ಮೇಲೆ ಅಂಗಾತ ಮಲಗಿಸಿ ಹೊಟ್ಟೆ ಮೇಲೆ ದಪ್ಪ ಪುಸ್ತಕ ಇಟ್ಟು ಉಸಿರು ತೆಗೆಸಿದ್ದು. ಪುಸ್ತಕ ಮೇಲೆ ಹೋಗ್ಬೇಕು, ಎದೆ ಅಲ್ಲ. ಒಂದು ತಿಂಗಳು ಬರೀ ಇದೇ. ಮನೆಗೆ ಫೋನ್ ಮಾಡಿ "ಎಂತ ಕಲಿಸ್ತಾರೆ?" ಅಂತ ಕೇಳಿದಾಗ "ಉಸಿರಾಡ್ಲಿಕ್ಕೆ" ಅಂದೆ. ಅಪ್ಪ ಫೋನ್ ಇಟ್ಟುಬಿಟ್ಟರು.

ಭಾಷೆ ಮಲಯಾಳ. ಕನ್ನಡ ಮಾಧ್ಯಮದವರಿಗೆ ಮೊದಲ ವರ್ಷ ಕಷ್ಟ. ಮಾತು ಹೇಗೋ ನಡೀತದೆ, ಸ್ಕ್ರಿಪ್ಟ್ ಓದುವಾಗ ಬೆವರು ಇಳೀತದೆ.

ಜಾಗಟೆ (9:47)

ಕೂತು ಹೇಳ್ತಾರೆ ಅಂತ ಅದು ಸುಲಭ ಅಂದುಕೊಳ್ಬೇಡಿ ಮಾರಾಯ್ರೆ. ವೇಷದವನ ಹೆಜ್ಜೆ ನೋಡ್ಬೇಕು, ಚೆಂಡೆಯವನಿಗೆ ಕಣ್ಣಲ್ಲಿ ಸೂಚನೆ ಕೊಡ್ಬೇಕು, ವೇಷದವ ಸುಸ್ತಾದ್ರೆ ಪದ ಎಳೀಬೇಕು. ಭಾಗವತನೇ ಮೊದಲನೇ ವೇಷ ಅಂತ ಸುಮ್ಮನೆ ಹೇಳ್ಲಿಲ್ಲ.

ತ್ರಿಶೂರುಗಾಡಿ (9:49)

ಸುಲಭ ಅಂದದ್ದಲ್ಲ. ಬೇರೆ ಅಂದದ್ದು.

ಜತ್ತದಾಂವ (10:05)

ನಮಸ್ಕಾರ್ರೀ. ನಾವು ಸಾಂಗ್ಲಿ ಜಿಲ್ಲೆ ಜತ್ತ ತಾಲೂಕಿನ ಕನ್ನಡದ ಮಂದಿ. ನಿಮ್ಮ ಜಗಳ ಓದಿ ನಗು ಬಂತು, ಯಾಕಂದ್ರ ಈ ಜಗಳಕ್ಕ ನೂರಾಎಂಬತ್ತು ವರ್ಷ ಆಗ್ಯಾವ.

ಕೇಳ್ರಿ. 1842ರಾಗ ನಿಮ್ಮ ಕಡೆ ಹೊನ್ನಾವರದ ಹತ್ರ ಕರ್ಕಿಯಿಂದ ಒಂದು ಮೇಳ ಸಾಂಗ್ಲಿಗೆ ಬಂದು ಆಟ ಆಡಿತು. ಸಾಂಗ್ಲಿ ಸಂಸ್ಥಾನದ ಪಟವರ್ಧನ ರಾಜರು ಅದನ್ನ ನೋಡಿ, ಹಂಗs ಮರಾಠಿಯೊಳಗ ಮಾಡು ಅಂತ ವಿಷ್ಣುದಾಸ ಭಾವೆಗೆ ಹೇಳಿದ್ರು. 1843ರಾಗ ಮಾಡಿದ. ಅದರಾಗ ಹಾಡು ಎಲ್ಲಾ ಸೂತ್ರಧಾರಂದು, ಪಾತ್ರದವರು ಬರೇ ಅಭಿನಯ, ಒಂದೀಟು ಮಾತು. ಅಂದ್ರ ನಿಮ್ಮ ಭಾಗವತರ ಪದ್ಧತಿನs. ಮುಂದ 1880ರಾಗ ಪುಣೆದಾಗ ಅಣ್ಣಾಸಾಹೇಬ ಕಿರ್ಲೋಸ್ಕರ ಶಾಕುಂತಲ ಆಡಿಸಿದಾಗ ಹಾಡನ್ನ ಸೂತ್ರಧಾರನ ಬಾಯಿಂದ ತಗದು ಪಾತ್ರದ ಬಾಯಾಗ ಇಟ್ಟ. ಶಕುಂತಲಾ ತಾನs ಹಾಡಾಕ ಹತ್ತಿದ್ಲು. ಕಿರ್ಲೋಸ್ಕರ ಹುಟ್ಟಿದ್ದು ಬೆಳಗಾವಿ ಜಿಲ್ಲಾ ಗುರ್ಲಹೊಸೂರಾಗ, ಇದನ್ನೂ ಬರಕೊಳ್ರಿ.

ಅಂದಿನಿಂದ ನಟ ಆಗಬೇಕಂದ್ರ ಹಾಡಾಕ ಬರಬೇಕು ಅಂತ ಆತು. ನಮ್ಮ ಕಡೆ ಬಯಲಾಟ ಶ್ರೀಕೃಷ್ಣ ಪಾರಿಜಾತದಾಗೂ ಹಂಗs, ಸತ್ಯಭಾಮಾ ಕುಣಕೋತ ಹಾಡತಾಳ, ಹಿಮ್ಮೇಳದವರು ಎತ್ತಿಕೊಡ್ತಾರ. ಭಾಮಾನ ಪಾರ್ಟು ಮಾಡೋ ಒಬ್ಬಾಕಿ ಹಿರಿಯಾಕಿನ್ನ ನಾನು ಕೇಳಿದ್ದೆ, ಹೆಂಗ ದಮ್ಮು ಹತ್ತಂಗಿಲ್ಲ ನಿಮಗ ಅಂತ. "ಹಿಮ್ಮೇಳದವ್ರು ಎತ್ತಿಕೊಂಡಾಗ ನಾ ಕುಣೀತೀನಿ, ನಾ ಹಾಡುವಾಗ ಬರೇ ಸೊಂಟ ಅಳ್ಳಾಡಸ್ತೀನಿ, ಮಂದಿಗೆ ಎರಡೂ ಕೂಡೇ ಮಾಡಿದಂಗ ಕಾಣತೈತಿ" ಅಂದ್ಲು. ಇದು ಯಾವ ಯೂನಿವರ್ಸಿಟ್ಯಾಗ ಹೇಳಿಕೊಡ್ತಾರ್ರೀ?

ಪೈವಳಿಕೆಯಿಂದ ದೂರ (10:31)

ಜತ್ತದವರೇ, ನಿಜವಾಗಿ ಹೇಳಿಕೊಡ್ತಾರೆ! ಅದಕ್ಕೇ ಬರೀತಿದ್ದೇನೆ. ನಾನು ಇಂಗ್ಲೆಂಡಿನಲ್ಲಿ ಒಂದು ವರ್ಷದ ಮ್ಯೂಸಿಕಲ್ ಥಿಯೇಟರ್ ಎಂ.ಎ ಮಾಡಿದ್ದೇನೆ. ಊರು ಪೈವಳಿಕೆ. ಕಾಲೇಜಿನ ಹೆಸರು ಬೇಡ.

ಅಮ್ಮಾ, ಕ್ಲಾಸಿನಲ್ಲಿ ಎಂತ ನಡೀತದೆ ಅಂತ ಹೇಳ್ತೇನೆ, ಆಮೇಲೆ ನಿಮಗೇ ತೂಕ ಗೊತ್ತಾಗ್ತದೆ.

ವಾರಕ್ಕೊಮ್ಮೆ ಒಬ್ಬಳೇ ಟೀಚರ್ ಎದುರು ನಿಂತು ಹಾಡುವ ಪಾಠ. ಉಳಿದ ದಿನ ನಟನೆ, ನೃತ್ಯ (ಬ್ಯಾಲೆ, ಜಾಝ್, ಟ್ಯಾಪ್), ನೊಟೇಶನ್ ನೋಡಿದ ಕೂಡಲೇ ಹಾಡುವ ಅಭ್ಯಾಸ. ಮತ್ತೊಂದು ಕ್ಲಾಸು ಉಂಟು, ಹಾಡಿನ ಮೂಲಕ ನಟನೆ ಅಂತ. ಅದರಲ್ಲಿ ಮೊದಲ ಎರಡು ವಾರ ಹಾಡ್ಲಿಕ್ಕೇ ಬಿಡುವುದಿಲ್ಲ. ಸಾಹಿತ್ಯವನ್ನು ಮಾತಿನ ಹಾಗೆ ಹೇಳ್ಬೇಕು. ಯಾರಿಗೆ ಹೇಳ್ತಿದ್ದಿ? ಅವನಿಂದ ನಿನಗೆ ಎಂತ ಬೇಕು? ಯಾವ ಶಬ್ದಕ್ಕೆ ನಿನ್ನ ಮನಸ್ಸು ತಿರುಗಿತು? ಅದು ಸರಿಯಾದ ಮೇಲೆ ಟ್ಯೂನು. ಆಮೇಲೆ ಉಸಿರು ತೆಗೆಯುವ ಜಾಗಕ್ಕೆಲ್ಲ ಪೆನ್ಸಿಲಿನಲ್ಲಿ ಒಂದು ಸಣ್ಣ ಕೊಕ್ಕೆ. ಅದನ್ನು ನೋಡಿ ನೃತ್ಯದ ಟೀಚರ್ ಹೆಜ್ಜೆ ಬದಲಿಸ್ತಾರೆ. ಹಾರುವ ಹೆಜ್ಜೆಯನ್ನು ಸಾಲಿನ ಮಧ್ಯಕ್ಕೆ ಇಡುವುದೇ ಇಲ್ಲ, ಸಾಲು ಮುಗಿದ ಮೇಲೆ ಇಡ್ತಾರೆ. ಭಾಮೆಯ ಸೊಂಟದ ಉಪಾಯವೇ, ಪೆನ್ಸಿಲ್ ಒಂದು ಹೆಚ್ಚು.

ಸ್ವರದ್ದು ಇನ್ನೊಂದು ಕತೆ. ಅಲ್ಲಿ ಒಬ್ಬರಿಗೇ ಮೂರು ನಮೂನೆಯ ಸ್ವರ ಬೇಕು. ಒಂದಕ್ಕೆ ಲೆಜಿಟ್ ಅಂತಾರೆ, ಒಪೆರಾದ ಹತ್ತಿರದ ದುಂಡಗಿನ ಸ್ವರ. ಇನ್ನೊಂದು ಬೆಲ್ಟ್. ನಮ್ಮ ಮನೆ ಗುಡ್ಡೆಯ ಮೇಲೆ, ತೋಟ ಕೆಳಗೆ. ಚಾ ಆಯ್ತು ಅಂತ ಅಮ್ಮ ಮೇಲಿಂದ ತೋಟದವರನ್ನು ಕೂಗಿ ಕರೀತಾರಲ್ಲ, ಆ ಕೂಗಿಗೆ ರಾಗ ಕೂಡಿಸಿದರೆ ಬೆಲ್ಟ್. ಮಾತಿನ ಸ್ವರವನ್ನೇ ತಾರಕ್ಕೆ ತೆಗೊಂಡು ಹೋಗುವುದು. ಮೂರನೆಯದ್ದು ಇವೆರಡರ ನಡುವಿನ ಮಿಕ್ಸ್. ನನಗೆ ಬೆಲ್ಟ್ ಬರ್ಲೇ ಇಲ್ಲ, ನಾಲ್ಕು ತಿಂಗಳು. ಒಂದು ದಿನ ಟೀಚರ್ "ನಿನ್ನ ಭಾಷೆಯಲ್ಲಿ ದೂರದಲ್ಲಿರುವವರನ್ನು ಹೇಗೆ ಕರೀತಿ?" ಅಂದರು. ನಾನು "ಓ... ಬಾರೋ..." ಅಂದೆ. ಪಕ್ಕದ ಕೋಣೆಯಿಂದ ಪಿಯಾನೋ ನಿಂತಿತು. "ಇದೇ, ಇದನ್ನೇ ಹಾಡು" ಅಂದರು.

ಮತ್ತೆ, ಕಛೇರಿಯಲ್ಲಿ ಶ್ರುತಿ ನಮ್ಮ ಕಂಠಕ್ಕೆ ತಕ್ಕ ಹಾಗೆ ಇಡ್ತೇವೆ. ಅಲ್ಲಿ ವಾದ್ಯದವರ ಕಾಗದದಲ್ಲಿ ಯಾವ ಶ್ರುತಿ ಬರೆದಿದ್ದಾರೋ ಅದರಲ್ಲೇ ಹಾಡ್ಬೇಕು. ಲಂಡನ್, ನ್ಯೂಯಾರ್ಕಿನ ದೊಡ್ಡ ಥಿಯೇಟರಿನಲ್ಲಿ ವಾರಕ್ಕೆ ಎಂಟು ಶೋ. ಒಂದು ದಿನ ಚಂದ ಹಾಡಿದರೆ ಸಾಲದು, ಎಂಟನೆಯದ್ದಕ್ಕೂ ಗಂಟಲು ಉಳೀಬೇಕು. ಡಿಗ್ರಿಯಲ್ಲಿ ಕಲಿಸುವುದು ಹೆಚ್ಚಾಗಿ ಅದನ್ನೇ.

ಖರ್ಚು? ಹೊರದೇಶದವರಿಗೆ ಫೀಸೇ ವರ್ಷಕ್ಕೆ 20 ಲಕ್ಷ ದಾಟ್ತದೆ. ಊಟ, ರೂಮು ಬೇರೆ. ನನ್ನ ಸಾಲ ಇನ್ನೂ ಉಂಟು. ಪ್ಲಸ್ ಟು ಮುಗಿಸಿದ ಮಗುವಿಗೆ ಇದನ್ನು ನಾನು ಹೇಳುವುದಿಲ್ಲ. ಇಲ್ಲಿ ಮೊದಲು ರಂಗ ಹತ್ತಲಿ, ಬೇಕಾದರೆ ಆಮೇಲೆ.

ಅಡಕೆಮಂಡಿ (10:34)

20 ಲಕ್ಷ. ವರ್ಷಕ್ಕೆ. ಬಿ.ಎಡ್ ಎಷ್ಟಕ್ಕೆ ಆಗ್ತದೆ ಗೊತ್ತುಂಟಾ?

ಹಾರ್ಮೋನಿಯಂ ಮೇಷ್ಟ್ರು (10:52)

ಪೈವಳಿಕೆಯವರು ಬರೆದದ್ದು ಓದಿ ಖುಷಿಯಾಯಿತು. ನಾನು ನಿವೃತ್ತ ಶಿಕ್ಷಕ, ಶಾಲಾ ನಾಟಕಗಳಿಗೆ ಮೂವತ್ತು ವರ್ಷ ಹಾರ್ಮೋನಿಯಂ ಬಾರಿಸಿದವನು. ಕರ್ನಾಟಕ ಸಂಗೀತ ಕಲಿತ ಮಕ್ಕಳು ನಾಟಕಕ್ಕೆ ಬಂದಾಗ ಆಗುವ ಒಂದು ತೊಂದರೆ ಹೇಳುತ್ತೇನೆ. "ಕಣ್ಣೀರು" ಎಂಬ ಶಬ್ದ ಬಂದರೆ ಆ "ಣ್ಣೀ" ಮೇಲೆ ನಾಲ್ಕು ಸಂಗತಿ (ರಾಗದ ಏರಿಳಿತ) ಹಾಕುತ್ತಾರೆ. ಚಂದವೇ. ಆದರೆ ಹಿಂದಿನ ಸಾಲಿನಲ್ಲಿ ಕೂತವನಿಗೆ ಕೇಳುವುದು ಬರೀ "ಈ...". ಅವನಿಗೆ ಕಣ್ಣೀರೋ ತಣ್ಣೀರೋ ಗೊತ್ತಾಗುವುದಿಲ್ಲ. ನಾಟಕದಲ್ಲಿ ಅವನು ಆ ಶಬ್ದ ತಪ್ಪಿಸಿಕೊಂಡರೆ ಕತೆಯೇ ತಪ್ಪಿತು. ನಮ್ಮ ಭಾಷೆಯಲ್ಲಿ ಒತ್ತಕ್ಷರಕ್ಕೆ ಒಂದು ಪೆಟ್ಟು ಉಂಟು. ಅದನ್ನು ಸರಿಯಾಗಿ ಹಾಕಿದರೆ ಮೈಕೇ ಬೇಡ. ಆ ಮಗುವಿಗೆ ಹೇಳಿ, ಹಗ್ಗ ಹಾರುವುದು ಒಳ್ಳೆಯದೇ, ಜೊತೆಗೆ ಒಬ್ಬರನ್ನು ಅಂಗಳದ ಆಚೆ ಕೊಟ್ಟಿಗೆ ಹತ್ತಿರ ಕೂರಿಸಿ, ಕೇಳಿದ ಶಬ್ದಗಳನ್ನು ಬರೆಯಲು ಹೇಳಿ. ಎಷ್ಟು ಶಬ್ದ ತಪ್ಪಿತು ಎಂದು ಲೆಕ್ಕ ಹಾಕಲಿ.

ಯೂನಿವರ್ಸಿಟಿ ಬೇಕೇ, ಮೇಳ ಬೇಕೇ ಎಂಬ ಜಗಳಕ್ಕೆ ಬಿ.ವಿ. ಕಾರಂತರನ್ನು ನೋಡಿ. ಬಂಟ್ವಾಳದ ಮಂಚಿಯ ಹತ್ತಿರದ ಬಾಬುಕೋಡಿಯವರು. ಗುಬ್ಬಿ ವೀರಣ್ಣನವರ ನಾಟಕ ಕಂಪೆನಿ ಸೇರಿದರು. ವೀರಣ್ಣನವರೇ ಅವರನ್ನು ಕಾಶಿಗೆ ಕಳಿಸಿ ಎಂ.ಎ ಓದಿಸಿದರು. ಅಲ್ಲಿ ಓಂಕಾರನಾಥ ಠಾಕೂರರಲ್ಲಿ ಹಿಂದೂಸ್ತಾನಿ ಕಲಿತರು, ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ. 1977ರಲ್ಲಿ ಅದೇ ಶಾಲೆಗೆ ನಿರ್ದೇಶಕರಾದರು, 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ಕಂಪೆನಿಯನ್ನೂ ಬಿಡಲಿಲ್ಲ, ಕಾಲೇಜನ್ನೂ ಬಿಡಲಿಲ್ಲ. ಅವರ ನಾಟಕಗಳಲ್ಲಿ ಹಾಡುವುದು ಹಿನ್ನೆಲೆ ಗಾಯಕರಲ್ಲ, ನಟರೇ.

ಪಯಸ್ವಿನಿ (10:58)

"ಕಣ್ಣೀರೋ ತಣ್ಣೀರೋ" ಅಂತ ಓದಿ ನಗು ತಡೀಲಿಕ್ಕಾಗ್ಲಿಲ್ಲ ಮೇಷ್ಟ್ರೇ. ನಮ್ಮ ಶಾಲೆಯ ಪ್ರಾರ್ಥನೆಯಲ್ಲಿ ಒಂದು ಸಾಲನ್ನು ಏಳನೇ ಕ್ಲಾಸಿನವರೆಗೆ ತಪ್ಪು ಹಾಡಿದ್ದೆ. ಯಾರಿಗೂ ಗೊತ್ತಾಗ್ಲಿಲ್ಲ.

ನೀರ್ಚಾಲಿನ ಅಮ್ಮ (11:10)

ಇಷ್ಟೆಲ್ಲಾ ಬರ್ತದೆ ಅಂತ ಗೊತ್ತಿರ್ಲಿಲ್ಲ. ಮಗಳು ಪಕ್ಕದಲ್ಲೇ ಕೂತು ಓದ್ತಿದ್ದಾಳೆ, ಪೈವಳಿಕೆಯವರ "ಬಾರೋ" ಎರಡು ಸಲ ಓದಿಸಿದಳು. ಈಗ ಟೆರೇಸಿಗೆ ಹೋಗಿ ಕೂಗಿ ನೋಡ್ತೇನೆ ಅಂತಿದ್ದಾಳೆ, ರಾತ್ರಿ ಹನ್ನೊಂದು ಗಂಟೆಗೆ! ನಾಯಿಗಳು ಶುರು ಮಾಡ್ತವೆ ಅಂತ ತಡೆದಿದ್ದೇನೆ.

ಕರ್ನಾಟಕದಲ್ಲಿ ಎಲ್ಲಿ ಉಂಟು? ಮೈಸೂರಾದ್ರೆ ನನ್ನ ತಂಗಿ ಇದ್ದಾಳೆ.

ಗಂಗೋತ್ರಿ ಹಾಸ್ಟೆಲ್ (ಬೆಳಗ್ಗೆ 6:40)

ಮೈಸೂರಿನಲ್ಲಿ ಡಾ. ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ ಇದೆ, ಸಂಗೀತಕ್ಕೂ ರಂಗಕಲೆಗೂ ಅಂತಲೇ ಇರೋದು. ಮೈಸೂರು ವಿವಿಯ ಲಲಿತಕಲಾ ಕಾಲೇಜೂ ಇದೆ. ಬೆಂಗಳೂರು ವಿವಿಯಲ್ಲಿ ಪ್ರದರ್ಶಕ ಕಲೆಗಳ ವಿಭಾಗ ಇದೆ. ಆದರೆ ಒಂದು ವಿಷಯ ಮೊದಲೇ ತಿಳ್ಕೊಳ್ಳಿ. ಸಂಗೀತ ತಗೊಂಡರೆ ಕಛೇರಿ ಸಂಗೀತ, ನಾಟಕ ತಗೊಂಡರೆ ನಾಟಕ. ಎರಡನ್ನೂ ಸೇರಿಸಿ ನಿಮ್ಮ ಮಗಳು ಕೇಳ್ತಿರೋದನ್ನೇ ಪೂರ್ತಿ ಕಲಿಸ್ತಾರೆ ಅಂದ್ಕೊಂಡು ಹೋದ್ರೆ ನಿರಾಸೆ. ನಾಟಕ ಮುಖ್ಯ ಮಾಡ್ಕೊಂಡು, ಹಾಡಿಗೆ ಹೊರಗೆ ಗುರು ಇಟ್ಕೊಂಡ ಗೆಳತಿಯೊಬ್ಬಳಿದ್ದಾಳೆ, ಅವಳದ್ದು ಚೆನ್ನಾಗಿ ನಡೀತು. ಸಂಗೀತ ಮುಖ್ಯ ಮಾಡ್ಕೊಂಡವರು ಸಂಜೆ ರಿಹರ್ಸಲ್‌ಗೆ ಓಡಿ ಓಡಿ ಎರಡೂ ಕಡೆ ಬೈಸ್ಕೋತಿದ್ರು.

ಚಂದ್ರಗಿರಿ ಆಚೆ (7:15)

ಕರ್ನಾಟಕಕ್ಕೆ ಹೋಗುವುದಾದರೆ ಕಾಗದ ಸರಿ ಮಾಡಿಟ್ಟುಕೊಳ್ಳಿ. ನಾನು ಅನುಭವಿಸಿದವ. ಕೇರಳದ ಪ್ಲಸ್ ಟು ಅಂದ ಕೂಡಲೇ ಮೈಗ್ರೇಶನ್ ಸರ್ಟಿಫಿಕೇಟು, ಎಲಿಜಿಬಿಲಿಟಿ ಸರ್ಟಿಫಿಕೇಟು ಕೇಳ್ತಾರೆ. ನನಗೆ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತರು ಅರ್ಜಿ ನೋಡಿ, "ಕೇರಳದವರಿಗೆ ಕನ್ನಡ ಬರ್ತದಾ?" ಅಂತ ಕನ್ನಡದಲ್ಲಿ ಕೇಳಿದರು. ನಾನು ಕನ್ನಡದಲ್ಲೇ ಉತ್ತರ ಕೊಟ್ಟೆ. "ಪರವಾಗಿಲ್ಲ, ಚೆನ್ನಾಗಿ ಕಲಿತಿದ್ದೀರಿ" ಅಂದರು. ಮನೆಗೆ ಬಂದು ಇಲ್ಲಿನ ವಿಲೇಜ್ ಆಫೀಸಿಗೆ ಹೋದರೆ ಅಲ್ಲಿ ಫಾರ್ಮು ಮಲಯಾಳದಲ್ಲಿ. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಇದೇ ಕತೆ, ಆಚೆಯವರಿಗೆ ನಾವು ಈಚೆಯವರು, ಈಚೆಯವರಿಗೆ ಆಚೆಯವರು.

ಬದಿಯಡ್ಕ ಬಸ್‌ಸ್ಟ್ಯಾಂಡ್ (7:20)

"ಚೆನ್ನಾಗಿ ಕಲಿತಿದ್ದೀರಿ" ಹ್ಹಹ್ಹಹ್ಹ. ಕಾಸರಗೋಡನ್ನು ಕರ್ನಾಟಕಕ್ಕೆ ಕೊಡಿ ಅಂದ ಮಹಾಜನ ವರದಿಯ ಒಂದು ಪ್ರತಿ ಮಡಚಿ ಕಿಸೆಯಲ್ಲಿಟ್ಟುಕೊಳ್ಬೇಕು, ಇಂಥವರಿಗೆ ತೋರಿಸ್ಲಿಕ್ಕೆ.

ಮಧೂರಪ್ಪ (7:31)

ಮಹಾಜನ ವರದಿ ಬೇಡ. ಅದು ಶುರುವಾದ್ರೆ ಈ ಹುಡುಗಿ ರಿಟೈರ್ ಆಗುವಾಗ ಮುಗೀತದೆ. ಕಳೆದ ಸಲ ಅಕ್ಕಿ ರೊಟ್ಟಿಯ ಚರ್ಚೆಯೂ ಅಲ್ಲಿಗೇ ಹೋಗಿ ಮುಟ್ಟಿತ್ತು. ವಿಷಯಕ್ಕೆ ಬನ್ನಿ.

(ನನ್ನ ಹೆಸರಿನಲ್ಲಿರುವ ಅಪ್ಪ ತಿನ್ನುವ ಅಪ್ಪ. ಪ್ರತಿ ಸಲ ಹೇಳ್ಬೇಕಾಗ್ತದೆ.)

ಹೆಗ್ಗೋಡು ಹಿಂದಿರುಗಿದವಳು (8:05)

ಯಾರೂ ನೀನಾಸಂ ಹೆಸರು ಹೇಳ್ಲಿಲ್ಲ! 1980ರಿಂದ ಹೆಗ್ಗೋಡಿನಲ್ಲಿ ರಂಗಶಿಕ್ಷಣ ಕೇಂದ್ರ ಉಂಟು, ಒಂದು ವರ್ಷದ ಡಿಪ್ಲೊಮಾ, ಅಲ್ಲೇ ಉಳಿದು ಕಲಿಯುವುದು. ಆಮೇಲೆ ತಿರುಗಾಟಕ್ಕೆ ಆಯ್ಕೆಯಾದರೆ ಕರ್ನಾಟಕ ಇಡೀ ಸುತ್ತಿ ನಾಟಕ ಆಡ್ಬಹುದು. ಯೂನಿವರ್ಸಿಟಿ ಡಿಗ್ರಿ ಅಲ್ಲ, ನಿಜ. ಆದರೆ ನಾನು ಹಾಡ್ಲಿಕ್ಕೆ ಕಲಿತದ್ದು ಅಲ್ಲಿ. ಅದೂ ಕ್ಲಾಸಿನಲ್ಲಿ ಅಲ್ಲ, ರಂಗಸಜ್ಜಿಕೆಯ ಹಲಗೆ ಹೊರ್ತಾ. ನಾಲ್ಕು ಜನ ಹಲಗೆ ಹೊರುವಾಗ ಹಾಡು ಅಭ್ಯಾಸ ಮಾಡ್ತಿದ್ದೆವು. ಹಲಗೆ ಅಲುಗಿದರೂ ಶ್ರುತಿ ಅಲುಗಬಾರದು ಅಂತ ಪಂತ. ಸೋತವರು ಚಾ ಪಾತ್ರೆ ತೊಳೀಬೇಕಿತ್ತು. ನಾನು ತುಂಬಾ ತೊಳೆದಿದ್ದೇನೆ.

ಮೊದಲು ಡಿಗ್ರಿ ಆಗಲಿ ಅಂತ ಅಪ್ಪ ಹೇಳುವುದಾದರೆ ಅದೂ ನಷ್ಟ ಅಲ್ಲ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಡಿಗ್ರಿ ಆಗಿರಲೇಬೇಕು, ಅಷ್ಟರಲ್ಲಿ ಕೆಲವು ನಾಟಕ ಮಾಡಿದ ಅನುಭವವೂ ಬೇಕು. ಅಲ್ಲಿ ಮೂರು ವರ್ಷ, ತಿಂಗಳು ತಿಂಗಳು ವಿದ್ಯಾರ್ಥಿವೇತನ ಕೊಡ್ತಾರೆ. ಅಪ್ಪನಿಗೆ ಆ ಕೊನೆಯ ಭಾಗ ಮಾತ್ರ ಓದಿ ಹೇಳಿ.

ಇಎನ್‌ಟಿ ಅಕ್ಕ (9:30)

ಓಪಿ ಶುರುವಾಗುವ ಮುಂಚೆ ಎರಡು ಮಾತು. "ನಾಟಕಕ್ಕೆ ಹಾಡಿದರೆ ಗಂಟಲು ಹಾಳು" ಅನ್ನುವುದು ಅರ್ಧ ಸತ್ಯ. ಹಾಳಾಗುವುದು ನಾಟಕದಿಂದ ಅಲ್ಲ, ದಣಿದ ಗಂಟಲಲ್ಲೇ ಒತ್ತಿ ಹಾಡುವುದರಿಂದ. ನಾವು ಹಾಡುವ ಸ್ವರ ಸೆಕೆಂಡಿಗೆ 300 ಕಂಪನದ್ದಾದರೆ ಧ್ವನಿತಂತುಗಳು ಸೆಕೆಂಡಿಗೆ 300 ಸಲ ಒಂದಕ್ಕೊಂದು ಬಡೀತವೆ. ಅದು ಹಾರ್ಮೋನಿಯಂನ ಕಪ್ಪು ಎರಡನೇ ಮನೆಯ ಆಸುಪಾಸು. ಮೇಲಿನ ಷಡ್ಜಕ್ಕೆ ಹೋದರೆ ಅದರ ದುಪ್ಪಟ್ಟು. ಒತ್ತಿ ಒತ್ತಿ ಹಾಡಿದರೆ ಅವು ಹೆಚ್ಚು ತಾಗುವ ಜಾಗದಲ್ಲಿ ಸಣ್ಣ ಗಂಟು ಏಳ್ತದೆ, ಹಾರೆ ಹಿಡಿದ ಕೈಯಲ್ಲಿ ದಡ್ಡು ಏಳುವ ಹಾಗೆ. ನನ್ನ ಹತ್ತಿರ ಬರುವವರಲ್ಲಿ ಹಾಡುಗಾರರಿಗಿಂತ ಹೆಚ್ಚು ಶಾಲೆ ಟೀಚರುಗಳು. (ಅಡಕೆಮಂಡಿಯವರು ಗಮನಿಸಿ.)

ಸ್ವರ ಒಡೆದದ್ದು ಮೂರು ವಾರಕ್ಕಿಂತ ಹೆಚ್ಚು ಉಳಿದರೆ ಕಷಾಯ ಕುಡೀತಾ ಕೂರಬೇಡಿ, ತೋರಿಸಿ. ಮೈಸೂರಿನಲ್ಲಿದ್ದರೆ ಮಾನಸಗಂಗೋತ್ರಿಯಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಉಂಟು, ಧ್ವನಿ ಪರೀಕ್ಷೆಗೂ ಅಭ್ಯಾಸಕ್ಕೂ ಒಳ್ಳೆ ಜಾಗ.

ಮಗಳಿಗೆ ಒಂದು ಅಭ್ಯಾಸ ಹೇಳ್ತೇನೆ, ಖರ್ಚಿಲ್ಲ. ಲೋಟದಲ್ಲಿ ಎರಡು ಬೆರಳು ನೀರು, ಅದಕ್ಕೆ ಸೀಯಾಳದ ಸ್ಟ್ರಾ. ಸ್ಟ್ರಾ ಬಾಯಲ್ಲಿಟ್ಟು "ಊ" ಅಂತ ಕೆಳಗಿನ ಸ್ವರದಿಂದ ಮೇಲಕ್ಕೆ, ಮೇಲಿಂದ ಕೆಳಕ್ಕೆ. ಗುಳ್ಳೆ ಸಮವಾಗಿ ಬರ್ಬೇಕು. ಗುಳ್ಳೆ ತಪ್ಪಿದ ಜಾಗದಲ್ಲಿ ಉಸಿರು ತಪ್ಪಿದೆ ಅಂತ ಲೆಕ್ಕ. ದಿನಕ್ಕೆ ಐದು ನಿಮಿಷ, ಹಗ್ಗ ಹಾರುವ ಮೊದಲು ಮತ್ತು ನಂತರ. ಗಂಟಲು ಕೆರೆದು ಕೆರೆದು "ಹ್ಹಂ" ಅನ್ನುವ ಅಭ್ಯಾಸ ಇದ್ದರೆ ಬಿಡಿಸಿ, ಒಂದು ಗುಟುಕು ನೀರು ಕುಡಿಯಲಿ.

ಅಡಕೆಮಂಡಿ (9:36)

ಶಾಲೆ ಟೀಚರಿಗೇ ಹೆಚ್ಚು ಗಂಟಲು ಹಾಳಾ? ಇದು ನನಗೆ ಗೊತ್ತಿರ್ಲಿಲ್ಲ. ನಮ್ಮವಳೂ ಟೀಚರ್, ಎರಡು ತಿಂಗಳಿಂದ ಸ್ವರ ಕೂತಿದೆ. ಮನೆ ಶಾಂತವಾಗಿದೆ ಅಂತ ನಾನು ಸುಮ್ಮನಿದ್ದೆ.

ಇಎನ್‌ಟಿ ಅಕ್ಕ (9:38)

ನಾಳೆಯೇ ಕರ್ಕೊಂಡು ಬನ್ನಿ. ತಮಾಷೆ ಅಲ್ಲ.

ಹೊಸದುರ್ಗ ರಸಿಕ (12:20)

ಒಂದು ಪ್ರಶ್ನೆ. ಕಥಕಳಿಯಲ್ಲೂ ವೇಷದವರು ಹಾಡುವುದಿಲ್ಲ, ಹಿಂದೆ ಇಬ್ಬರು ನಿಂತು ಹಾಡ್ತಾರೆ, ಪೊನ್ನಾನಿ, ಶಿಂಕಿಡಿ ಅಂತ. ಪೊನ್ನಾನಿಯ ಕೈಯಲ್ಲಿ ಚೇಂಗಿಲ, ನಮ್ಮ ಜಾಗಟೆಯ ಹಾಗೇ. ಆ ಹಾಡನ್ನೇ ಒಂದು ವಿಷಯ ಮಾಡಿ ಕೇರಳ ಕಲಾಮಂಡಲದಲ್ಲಿ ಡಿಗ್ರಿ ಕೊಡ್ತಾರೆ. ವಳ್ಳತ್ತೋಳರು 1930ರಲ್ಲಿ ಶುರು ಮಾಡಿದ್ದು, ಈಗ ಡೀಮ್ಡ್ ಯೂನಿವರ್ಸಿಟಿ. ಯಕ್ಷಗಾನಕ್ಕೆ ಉಡುಪಿಯಲ್ಲಿ 1971ರಿಂದ ಕೇಂದ್ರ ಉಂಟು, ಮಂಗಳೂರು ವಿವಿಯಲ್ಲಿ ಅಧ್ಯಯನ ಕೇಂದ್ರ ಉಂಟು. ಆದರೆ "ಭಾಗವತಿಕೆಯಲ್ಲಿ ಪದವಿ" ಅಂತ ಎದೆ ತಟ್ಟಿ ಹೇಳಿಕೊಳ್ಳುವಂಥದ್ದು ನಾವು ಯಾಕೆ ಕಟ್ಟಲಿಲ್ಲ?

ಜಾಗಟೆ (12:41)

ಒಳ್ಳೆ ಪ್ರಶ್ನೆ. ಪದವಿ ಅಂದ ಕೂಡಲೇ ಸಿಲೆಬಸ್ ಬರ್ತದೆ, ಪರೀಕ್ಷೆ ಬರ್ತದೆ, "ಐದು ಅಂಕಕ್ಕೆ ಟಿಪ್ಪಣಿ ಬರೆಯಿರಿ" ಬರ್ತದೆ. ಇಡೀ ರಾತ್ರಿ ಹಿಮ್ಮೇಳದ ಹಿಂದೆ ಕೂತು ನಿದ್ದೆ ತೂಗಿ, ಗುರುಗಳ ಕೈಯಿಂದ ಮೊಟಕಿಸಿಕೊಂಡು ಕಲಿತದ್ದು ಐದು ಅಂಕದ ಟಿಪ್ಪಣಿಗೆ ಬರುವುದಿಲ್ಲ ಅಂತ ನಮ್ಮವರ ಹೆದರಿಕೆ. ಆದರೆ, ನಿಜ ಹೇಳ್ತೇನೆ, ಮೊಟಕಿಸಿಕೊಂಡು ಕಲಿತವರಲ್ಲಿ ಮೊದಲ ಬೆಂಚಿನಲ್ಲಿ ಹುಡುಗಿಯರು ಎಷ್ಟು ಜನ ಇದ್ದರು? ಮೇಳದ ಹಿಂದೆ ರಾತ್ರಿ ಇಡೀ ಹೋಗ್ಲಿಕ್ಕೆ ಅವರನ್ನು ಯಾರು ಬಿಟ್ಟರು? ಕಾಲೇಜಾದ್ರೆ ಒಂದು ಗೇಟು ಉಂಟು, ಯಾರಿಗೂ ತೆರೀತದೆ. ನಿನ್ನೆ ರಾತ್ರಿ ನಾನು ಇದನ್ನು ಯೋಚಿಸಿರ್ಲಿಲ್ಲ. ನನ್ನ ಮೊದಲಿನ ಮಾತು ಅರ್ಧ ಹಿಂದೆ ತೆಗೊಳ್ತೇನೆ. ಅರ್ಧ ಮಾತ್ರ.

ತಾಳವಾಡಿ (1:10)

ನಮ್ಮ ಕಡೆ ಬಂದು ನೋಡಿ, ತಮಿಳುನಾಡಿನ ತೆರುಕ್ಕೂತ್ತಿನಲ್ಲಿ ವೇಷದವನೇ ಹಾಡ್ತಾನೆ, ಗಿರಗಿರ ತಿರುಗ್ತಾನೆ, ಮತ್ತೆ ಹಾಡ್ತಾನೆ. ಯಾವ ಡಿಗ್ರಿಯೂ ಇಲ್ಲ, ಸ್ಟ್ರಾನೂ ಇಲ್ಲ.

ಇಎನ್‌ಟಿ ಅಕ್ಕ (1:12)

ಅವರ ಗಂಟಲನ್ನು ಯಾರಾದ್ರೂ ನೋಡಿದ್ದಾರಾ?

ಗಂಗೋತ್ರಿ ಹಾಸ್ಟೆಲ್ (2:00)

ಹೊಟ್ಟೆಗೆ ಏನು ಅಂತ ಅಮ್ಮ ಕೇಳಿದ್ರು, ಎಲ್ಲರೂ ಜಾರಿಕೊಂಡ್ರಿ. ನಾನು ಹೇಳ್ತೀನಿ. ನಾಟಕದ ಹಾಡು ಒಂದನ್ನೇ ನಂಬಿ ಸಂಸಾರ ಮಾಡ್ತಿರೋವ್ರನ್ನ ನಾನು ನೋಡಿಲ್ಲ. ರಂಗಾಯಣದಂಥ ರೆಪರ್ಟರಿಗಳಲ್ಲಿ (ಕಾಯಂ ನಾಟಕ ತಂಡಗಳಲ್ಲಿ) ಜಾಗ ಕಡಿಮೆ. ಹೆಚ್ಚಿನವರು ಶಾಲೆಗಳಲ್ಲಿ ನಾಟಕ ಕಲಿಸ್ತಾರೆ, ಬೇಸಿಗೆ ಶಿಬಿರ, ಡಬ್ಬಿಂಗ್, ಧಾರಾವಾಹಿ, ಮದುವೆ ಸಂಗೀತ, ಎಲ್ಲ ಸೇರಿಸಿ ತಿಂಗಳು ದಾಟಿಸ್ತಾರೆ. ಮುಂಬೈಲಿ ಈಚೆಗೆ ದೊಡ್ಡ ಸಂಗೀತ ನಾಟಕಗಳು ಬರ್ತಿವೆ, ಅಲ್ಲಿ ಹಾಡಿ ಕುಣಿಯೋರು ಬೇಕು. ಆದರೆ ಹಿಂದಿ, ಇಂಗ್ಲಿಷ್ ಚೆನ್ನಾಗಿರಬೇಕು. ಬಿ.ಎಡ್ ಮಾಡಿದ ನಾಟಕದವಳಿಗೆ ಕೆಲಸ ಬೇಗ ಸಿಗುತ್ತೆ ಅನ್ನೋದೂ ನಿಜ. ಅಡಕೆಮಂಡಿ ಸಾರ್ ಗೆದ್ದರು ಅಂತ ಹೇಳ್ತಿಲ್ಲ.

ಅಡಕೆಮಂಡಿ (2:04)

ಗೆದ್ದೆ.

ನೀರ್ಚಾಲಿನ ಅಮ್ಮ (ರಾತ್ರಿ 9:15)

ಎಲ್ಲರ ಮಾತೂ ಅವಳ ಅಪ್ಪನಿಗೆ ಓದಿ ಹೇಳಿದೆ. ವಿದ್ಯಾರ್ಥಿವೇತನ ಅಂದಾಗ ಪೇಪರ್ ಕೆಳಗಿಟ್ಟರು. 20 ಲಕ್ಷ ಅಂದಾಗ ಮತ್ತೆ ಎತ್ತಿಕೊಂಡರು.

ಮೇಷ್ಟ್ರು ಹೇಳಿದ ಹಾಗೆ ಇವತ್ತು ಸಂಜೆ ಅವರನ್ನೇ ಕೊಟ್ಟಿಗೆ ಹತ್ತಿರ ಕೂರಿಸಿ ಕೈಗೆ ಪೆನ್ಸಿಲ್ ಕೊಟ್ಟೆವು. ಇವಳು ಅಂಗಳದಲ್ಲಿ ಹಗ್ಗ ಹಾರ್ತಾ ಹಾಡಿದಳು. ನಲ್ವತ್ತೆರಡು ಶಬ್ದದಲ್ಲಿ ಅವರಿಗೆ ಕೇಳಿಸಿದ್ದು ಹತ್ತೊಂಬತ್ತು. ಇವಳ ಮುಖ ಸಣ್ಣದಾಯ್ತು. ಆದ್ರೆ ಅವಳ ಅಪ್ಪ ಆ ಚೀಟಿ ಬಿಸಾಡ್ಲಿಲ್ಲ, ದಿನಾಂಕ ಬರೆದು ಕಪಾಟಿನ ಬಾಗಿಲಿಗೆ ಅಂಟಿಸಿದ್ದಾರೆ. ನಾಳೆ ಪುನಃ ಕೂರ್ತೇನೆ ಅಂದಿದ್ದಾರೆ. ಮೈಸೂರಿಗೆ ಅರ್ಜಿ ಹಾಕುವುದು ಅಂತ ಇವಳ ಲೆಕ್ಕ, ತ್ರಿಶೂರನ್ನೂ ಒಮ್ಮೆ ನೋಡಿ ಬರುವ ಅಂತ ಅವರ ಲೆಕ್ಕ. ಬಿ.ಎಡ್ ವಿಷಯ ಇವತ್ತು ಯಾರೂ ಎತ್ತಲಿಲ್ಲ.

ಅಂದ ಹಾಗೆ ಇಎನ್‌ಟಿ ಅಕ್ಕ, ಅಂಗಡಿಯಲ್ಲಿ ಸಿಕ್ಕಿದ್ದು ಕಾಗದದ ಸ್ಟ್ರಾ. ಎರಡೇ ನಿಮಿಷಕ್ಕೆ ಮೆತ್ತಗಾಗಿ ಗುಳ್ಳೆ ನಿಲ್ತದೆ. ಎಂತ ಮಾಡುವುದು?

ಇಎನ್‌ಟಿ ಅಕ್ಕ (9:22)

ಸ್ಟೀಲಿಂದು ಸಿಗ್ತದೆ.

ಮಧೂರಪ್ಪ (9:25)

ಪಪ್ಪಾಯಿ ಎಲೆಯ ದಂಟು ಕತ್ತರಿಸಿ. ಒಳಗೆ ಟೊಳ್ಳು, ಹಿತ್ತಲಲ್ಲೇ ಉಂಟು. ನಾವು ಸಣ್ಣದಿರುವಾಗ ಅದರಲ್ಲೇ ಪೀಪಿ ಊದ್ತಿದ್ದೆವು. ಮೇಣ ಬರ್ತದೆ, ಚೆನ್ನಾಗಿ ತೊಳೆದು ಒಂದು ದಿನ ಒಣಗಿಸಿ.